ಬಾಳೆಹಣ್ಣಿಲ್ಲದ ಬಾಳೆಹಣ್ಣಿನ ಘಮ

ಹೊತ್ತು ಹುಟ್ಟುವ ಮೊದಲು ಈಚಲ ಮರದಿಂದ ಇಳಿಸಿದ ನೀರಾಕ್ಕೆ ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ. ಸಿಹಿಯಾಗಿರುತ್ತದೆ, ತಂಪಾಗಿರುತ್ತದೆ, ಅಷ್ಟೇ. ಅದನ್ನೇ ಮಧ್ಯಾಹ್ನದವರೆಗೆ ಮಡಕೆಯಲ್ಲಿ ಬಿಟ್ಟರೆ ನೊರೆಯೆದ್ದು ಹೆಂಡವಾಗುತ್ತದೆ, ದೂರದಿಂದಲೇ ಮೂಗಿಗೆ ಹೊಡೆಯುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯಂಥ ಕಡೆ ಕೆರೆ ಏರಿ, ಹಳ್ಳದ ಬದಿಯ ಈಚಲು ನೋಡುತ್ತಾ ಬೆಳೆದ ಹಿರಿಯರಿಗೆ ಇದು ಹೊಸ ಸಂಗತಿಯಲ್ಲ. ‘ಹುಳಿ ಬಂತು’ ಎಂದು ಒಂದು ಮಾತಿನಲ್ಲಿ ಹೇಳಿಬಿಡುತ್ತಾರೆ. ಮಡಕೆಯ ಒಳಗೆ ಸುಣ್ಣ ಬಳಿದರೆ ಹುಳಿ ತಡವಾಗುತ್ತದೆ, ಹಳೆಯ ಮಡಕೆಯಲ್ಲಿ ಬೇಗ ಬರುತ್ತದೆ ಎನ್ನುವುದೂ ಮರ ಹತ್ತುವವರಿಗೆ ಗೊತ್ತಿತ್ತು. ವಿಜ್ಞಾನದ ಅರ್ಧ ಭಾಗ ಈ ತಿಳಿವಳಿಕೆಯಲ್ಲೇ ಇದೆ.

ಉಳಿದ ಅರ್ಧ ಒಂದು ಪ್ರಶ್ನೆ. ನೀರಾದಲ್ಲಿ ಇಲ್ಲದ ವಾಸನೆ ಹೆಂಡಕ್ಕೆ ಬಂದದ್ದೆಲ್ಲಿಂದ?

ಇದೇ ಪ್ರಶ್ನೆಯನ್ನು ಇನ್ನೂ ಬಿಗಿಯಾಗಿ ಕೇಳಬಹುದು. ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಹೆಫೆವೈಜೆನ್ ಎಂಬ ಜರ್ಮನಿಯ ಗೋಧಿ ಬಿಯರ್ ಸಿಗುತ್ತದೆ. ಲೋಟ ಮೂಗಿನ ಹತ್ತಿರ ತಂದರೆ ಮಾಗಿದ ಬಾಳೆಹಣ್ಣಿನ ಘಮ, ಅದರ ಹಿಂದೆಯೇ ಲವಂಗದ್ದು. ಬಾಳೆಹಣ್ಣು ಕಿವುಚಿ ಹಾಕಿರಬೇಕು ಎಂದು ಮೊದಲ ಸಲ ಕುಡಿದವರು ಅಂದುಕೊಳ್ಳುತ್ತಾರೆ. ಬಾಳೆಹಣ್ಣೂ ಇಲ್ಲ, ಲವಂಗವೂ ಇಲ್ಲ. ನೀರು, ಮೊಳಕೆ ಕಟ್ಟಿದ ಬಾರ್ಲಿ ಮತ್ತು ಗೋಧಿ, ಹಾಪ್ ಎಂಬ ಬಳ್ಳಿಯ ಹೂವು, ಯೀಸ್ಟ್. ಇಷ್ಟೇ. ಆ ಯೀಸ್ಟ್ ಬದಲಿಸಿ ಬೇರೊಂದು ಯೀಸ್ಟ್ ಹಾಕಿದರೆ ಬಾಳೆಹಣ್ಣು ಮಾಯವಾಗುತ್ತದೆ. ಉಳಿದದ್ದೆಲ್ಲ ಹಾಗೇ ಇದ್ದರೂ ಮಾಯವಾಗುತ್ತದೆ.

ಸಕ್ಕರೆಯ ಲೆಕ್ಕದಲ್ಲಿ ಭೇದವಿಲ್ಲ

ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಮಾಲ್ಟ್ ಹಿಟ್ಟು ಮಾಡಿಸುವ ಮನೆಗಳಿಗೆ ಬಿಯರಿನ ಮೊದಲ ಅರ್ಧ ಆಗಲೇ ಗೊತ್ತಿದೆ. ಕಾಳು ಮೊಳೆಯುವಾಗ ಅದರೊಳಗಿನ ಕಿಣ್ವಗಳು ಎಚ್ಚರಗೊಂಡು ಪಿಷ್ಟವನ್ನು ಸಕ್ಕರೆಯಾಗಿ ಒಡೆಯಲು ಅಣಿಯಾಗುತ್ತವೆ. ಮೊಳಕೆ ರಾಗಿಯ ಅಂಬಲಿ ಸಾದಾ ರಾಗಿ ಅಂಬಲಿಗಿಂತ ಸಿಹಿಯಾಗಿರುವುದು ಇದರಿಂದಲೇ. ಬಿಯರಿಗೆ ಬಾರ್ಲಿಯಲ್ಲಿ ಇದೇ ಕೆಲಸ ಮಾಡಿಸುತ್ತಾರೆ. ಉಗಾಂಡದಲ್ಲೂ ಸಿಕ್ಕಿಮಿನಲ್ಲೂ ನಮ್ಮ ರಾಗಿಯಿಂದಲೇ ಮನೆ ಬಿಯರ್ ಮಾಡುವ ಹಳೆಯ ಪದ್ಧತಿಗಳಿವೆ. ಸೈಡರ್ ಎಂಬ ಸೇಬಿನ ಮದ್ಯಕ್ಕೆ ಮೊಳಕೆಯ ಗೊಡವೆಯೇ ಬೇಡ. ಹಣ್ಣಿನ ರಸದಲ್ಲಿ ಸಕ್ಕರೆ ಸಿದ್ಧವಾಗಿಯೇ ಇರುತ್ತದೆ.

ಸಕ್ಕರೆ ಸಿಕ್ಕ ಮೇಲೆ ಯಾವ ಯೀಸ್ಟ್ ಆದರೂ ಮಾಡುವ ಮುಖ್ಯ ಕೆಲಸ ಒಂದೇ. 180 ಗ್ರಾಂ ಗ್ಲೂಕೋಸ್ ಒಡೆದರೆ ಸುಮಾರು 92 ಗ್ರಾಂ ಮದ್ಯಸಾರ, 88 ಗ್ರಾಂ ಇಂಗಾಲದ ಡೈಆಕ್ಸೈಡ್. ಬೇಕರಿಯ ಯೀಸ್ಟಿಗೂ ಷಾಂಪೇನಿನ ಯೀಸ್ಟಿಗೂ ಹೆಂಡದ ಮಡಕೆಯ ಯೀಸ್ಟಿಗೂ ಈ ಲೆಕ್ಕ ಬದಲಾಗದು. ಯೀಸ್ಟ್ ತನ್ನ ಮೈ ಬೆಳೆಸಿಕೊಳ್ಳಲು ಒಂದಿಷ್ಟು ಇಟ್ಟುಕೊಳ್ಳುವುದರಿಂದ ಚೂರು ಹೆಚ್ಚುಕಡಿಮೆ ಆಗಬಹುದು, ಅಷ್ಟೇ. ಶುದ್ಧ ಮದ್ಯಸಾರಕ್ಕೆ ಬಾಳೆಹಣ್ಣಿನ ವಾಸನೆಯಿಲ್ಲ, ಇಂಗಾಲದ ಡೈಆಕ್ಸೈಡಿಗೆ ವಾಸನೆಯೇ ಇಲ್ಲ.

ಹಾಗಾದರೆ ಘಮವನ್ನು ಹುಡುಕಬೇಕಾದದ್ದು ಈ ದೊಡ್ಡ ಲೆಕ್ಕದ ಹೊರಗೆ. ಎಷ್ಟು ಹೊರಗೆ ಎಂದರೆ, ಶೇಕಡಾ 5ರ ಬಿಯರಿನ ಒಂದು ಲೀಟರಿನಲ್ಲಿ ಸುಮಾರು 40 ಗ್ರಾಂ ಮದ್ಯಸಾರ ಇರುತ್ತದೆ. ಬಾಳೆಹಣ್ಣಿನ ಘಮ ಕೊಡುವ ವಸ್ತು ಅದೇ ಲೀಟರಿನಲ್ಲಿ ಒಂದೆರಡು ಮಿಲಿಗ್ರಾಂ ಇದ್ದರೂ ಮೂಗು ಹಿಡಿಯುತ್ತದೆ. ಹತ್ತಾರು ಸಾವಿರದಲ್ಲಿ ಒಂದು ಪಾಲು. ಯೀಸ್ಟಿನಿಂದ ಯೀಸ್ಟಿಗೆ ಬದಲಾಗುವುದು ಆ ಪಾಲು.

ಒಂದೇ ರಸ, ಬೇರೆ ಬೇರೆ ಬಾಟಲಿ

ಇದನ್ನು ಮನೆಯಲ್ಲೇ ಪರೀಕ್ಷಿಸಿ ನೋಡುವ ದೊಡ್ಡ ಬಳಗ ಅಮೆರಿಕ, ಬ್ರಿಟನ್ನಿನಂಥ ದೇಶಗಳಲ್ಲಿದೆ. ಬ್ರಿಟನ್ನಿನಲ್ಲಿ ಮನೆಬಳಕೆಯ ಬಿಯರಿಗೆ ಪರವಾನಗಿ ಬೇಕೆಂಬ ನಿಯಮ 1963ರಲ್ಲಿ ಹೋಯಿತು. ಅಮೆರಿಕದಲ್ಲಿ 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಮನೆಯಲ್ಲಿ ಬಿಯರ್ ಮಾಡಲು ದಾರಿಯಾಯಿತು. ಅಲ್ಲಿ ನೆಲೆಸಿರುವ ಕನ್ನಡಿಗರು ಈ ಹವ್ಯಾಸಕ್ಕೆ ಇಳಿದರೆ ಕಾನೂನಿನ ಅಡ್ಡಿಯಿಲ್ಲ. ಕರ್ನಾಟಕದಲ್ಲಿ ಹಾಗಲ್ಲ. 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ. ಆದ್ದರಿಂದ ಮುಂದೆ ಬರುವುದನ್ನು ಪಾಕವಿಧಾನ ಎಂದು ಓದಬಾರದು.

ಪರೀಕ್ಷೆ ಸರಳ. ಒಂದೇ ಡಬ್ಬಿಯ ಸೇಬಿನ ರಸವನ್ನು ನಾಲ್ಕೈದು ಬಾಟಲಿಗಳಿಗೆ ಸಮನಾಗಿ ಹಂಚುತ್ತಾರೆ. ಒಂದಕ್ಕೆ ಬೇಕರಿ ಯೀಸ್ಟ್, ಒಂದಕ್ಕೆ ವೈನ್ ಯೀಸ್ಟ್, ಒಂದಕ್ಕೆ ಗೋಧಿ ಬಿಯರಿನ ಯೀಸ್ಟ್, ಒಂದಕ್ಕೆ ಅಮೆರಿಕದ ಏಲ್ ಎಂಬ ಬಗೆಯ ಬಿಯರಿನ ಯೀಸ್ಟ್. ಎಲ್ಲವನ್ನೂ ಒಂದೇ ಕೋಣೆಯಲ್ಲಿ ಇಡುತ್ತಾರೆ. ಒಳಗಿನ ಗಾಳಿ ಹೊರಹೋಗಲು ದಾರಿಯಿರಬೇಕು, ಇಲ್ಲದಿದ್ದರೆ ಬಾಟಲಿ ಸಿಡಿಯುತ್ತದೆ. ಮೊಳಕೆ ಬಾರ್ಲಿಯ ಸಿಹಿ ಕಷಾಯವನ್ನೂ ಹೀಗೆಯೇ ಹಂಚಿದರೆ ಬಿಯರಿನ ಸಾಲು ಸಿದ್ಧ.

ಸೇಬಿನ ರಸದ ಸಾಲಿನಲ್ಲಿ ಯಾವ ಬಾಟಲಿಯಲ್ಲೂ ಸಿಹಿ ಉಳಿಯದಿರುವುದೇ ಸಾಮಾನ್ಯ. ಅದರಲ್ಲಿರುವವು ಗ್ಲೂಕೋಸ್, ಫ್ರಕ್ಟೋಸ್, ಸುಕ್ರೋಸ್‌ಗಳಂಥ ಸಣ್ಣ ಸಕ್ಕರೆಗಳು. ಯಾವ ಯೀಸ್ಟ್ ಆದರೂ ತಿಂದು ಮುಗಿಸುತ್ತದೆ. ಬಿಯರಿನ ಸಾಲಿನಲ್ಲಿ ಮೊದಲ ಭೇದ ನಾಲಿಗೆಗೇ ಸಿಗುತ್ತದೆ. ಬಾರ್ಲಿಯ ಕಷಾಯದಲ್ಲಿ ಮೂರು ಗ್ಲೂಕೋಸ್ ಕೊಂಡಿಗಳ ಮಾಲ್ಟೋಟ್ರಯೋಸ್ ಎಂಬ ಸಕ್ಕರೆ ಇರುತ್ತದೆ. ದ್ರಾಕ್ಷಿರಸದಲ್ಲಿ ತಲೆಮಾರುಗಟ್ಟಲೆ ಬಾಳಿದ ವೈನ್ ಯೀಸ್ಟುಗಳಲ್ಲಿ ಹೆಚ್ಚಿನವಕ್ಕೆ ಅದನ್ನು ಒಳಗೆಳೆದುಕೊಳ್ಳಲು ಬರುವುದಿಲ್ಲ. ಹಾಗಾಗಿ ಬಿಯರಿಗೆ ವೈನ್ ಯೀಸ್ಟ್ ಹಾಕಿದರೆ ಅದು ಮಂದವಾಗಿ, ಸಿಹಿ ಉಳಿದು ನಿಲ್ಲುತ್ತದೆ.

ಘಮದ ಭೇದ ಇನ್ನೂ ಸ್ವಾರಸ್ಯದ್ದು. ಅಮೆರಿಕದ ಏಲ್ ಯೀಸ್ಟ್ ಎರಡು ಸಾಲಿನಲ್ಲೂ ತಾನು ಇದ್ದದ್ದನ್ನೇ ತೋರಗೊಡುವುದಿಲ್ಲ. ಸೇಬು ಸೇಬಾಗಿ, ಬಾರ್ಲಿ ಬಾರ್ಲಿಯಾಗಿ ಉಳಿಯುತ್ತದೆ. ಗೋಧಿ ಬಿಯರಿನ ಯೀಸ್ಟ್ ಬಾರ್ಲಿಯ ಕಷಾಯದಲ್ಲಿ ಬಾಳೆಯನ್ನೂ ಲವಂಗವನ್ನೂ ಕೊಡುತ್ತದೆ, ಸೇಬಿನ ರಸದಲ್ಲಿ ಮಾತ್ರ ಲವಂಗ ಮಂಕು. ಯೀಸ್ಟ್ ಅದೇ ಆಗಿದ್ದರೂ ಒಂದು ಘಮ ಬಂದು ಇನ್ನೊಂದು ಬಾರದಿರುವುದಕ್ಕೆ ಕಾರಣವಿದೆ, ಅದು ಮುಂದೆ ಬರುತ್ತದೆ. ಬೇಕರಿ ಯೀಸ್ಟ್ ಭರದಿಂದ ಉಕ್ಕುತ್ತದೆ, ತಳಕ್ಕೆ ಸರಿಯಾಗಿ ಕೂರದೆ ಪಾನೀಯವನ್ನು ರಾಡಿಯಾಗಿಯೇ ಬಿಡುತ್ತದೆ, ಬ್ರೆಡ್ಡಿನ ವಾಸನೆಯನ್ನೂ ಉಳಿಸುತ್ತದೆ. ಕೊಡಗು, ಸಕಲೇಶಪುರದ ಕಡೆ ಕ್ರಿಸ್‌ಮಸ್ಸಿಗೆ ಜಾಡಿಯಲ್ಲಿ ದ್ರಾಕ್ಷಿ, ಸಕ್ಕರೆ, ಹಿಡಿ ಗೋಧಿ ಹಾಕಿಡುವ ಮನೆಗಳ ವೈನಿಗೆ ಅಂಗಡಿಯ ವೈನಿಗಿಲ್ಲದ ಒಂದು ಗುರುತು ಬರುವುದರಲ್ಲಿ ಬೇಕರಿಯಿಂದ ತಂದ ಯೀಸ್ಟಿನ ಪಾಲು ದೊಡ್ಡದು.

ಸೇಬಿನ ಸಾಲಿನಲ್ಲಿ ಕೆಲವು ಬಾಟಲಿಗಳು ನಡುವೆ ಕೆಟ್ಟ ಮೊಟ್ಟೆಯ ವಾಸನೆ ಹೊಡೆದು ಗಾಬರಿ ಹುಟ್ಟಿಸುವುದೂ ಉಂಟು. ಸೇಬಿನ ರಸದಲ್ಲಿ ಸಾರಜನಕ ಬಹಳ ಕಡಿಮೆ. ಯೀಸ್ಟ್ ತನ್ನ ಪ್ರೋಟೀನಿಗಾಗಿ ಗಂಧಕವನ್ನು ಸಿದ್ಧ ಮಾಡಿಕೊಳ್ಳುತ್ತದೆ. ಅದನ್ನು ಕೂಡಿಸಲು ಸಾರಜನಕ ಸಿಗದಿದ್ದಾಗ ಗಂಧಕ ಹೈಡ್ರೋಜನ್ ಸಲ್ಫೈಡ್ ಆಗಿ ಹೊರಬೀಳುತ್ತದೆ. ಯೀಸ್ಟಿನ ವಾಸನೆಗಳ ಬೀಗದಕೈ ಸಾರಜನಕದಲ್ಲೇ ಇದೆ ಎನ್ನುವುದಕ್ಕೆ ಇದು ಮೊದಲ ಸುಳಿವು.

ಕಾಯಿ ಇಟ್ಟುಕೊಂಡು ಸಿಪ್ಪೆ ಹೊರಗೆ

ಯೀಸ್ಟ್ ಬರೀ ಸಕ್ಕರೆಯಿಂದ ಬದುಕಲಾರದು. ಮರಿ ಹಾಕಬೇಕಾದರೆ ಪ್ರೋಟೀನ್ ಬೇಕು, ಪ್ರೋಟೀನಿಗೆ ಸಾರಜನಕ ಬೇಕು. ಬಾರ್ಲಿಯ ಕಷಾಯದಲ್ಲಾಗಲಿ ಹಣ್ಣಿನ ರಸದಲ್ಲಾಗಲಿ ಸಾರಜನಕ ಬಿಡಿಯಾಗಿ ಹೆಚ್ಚು ಸಿಗುವುದಿಲ್ಲ. ಅಮೈನೋ ಆಮ್ಲಗಳ ಒಳಗೆ ಇಂಗಾಲದ ಹಂದರಕ್ಕೆ ಕಚ್ಚಿಕೊಂಡಿರುತ್ತದೆ.

ಚನ್ನರಾಯಪಟ್ಟಣದ ತೆಂಗಿನ ತೋಟದಲ್ಲಿ ಕಾಯಿ ಸುಲಿಯುವುದನ್ನು ಇಲ್ಲಿ ನೆನೆಯಬೇಕು. ಬೇಕಾದದ್ದು ಒಳಗಿನ ಕಾಯಿ. ಅದು ಕೈಗೆ ಬಂದ ಮೇಲೆ ಅಂಗಳದಲ್ಲಿ ಸಿಪ್ಪೆಯ ರಾಶಿ ಬೀಳುತ್ತದೆ. ಕಾಯಿಯ ವಿಷಯದಲ್ಲಿ ಎಲ್ಲ ಮನೆಯವರೂ ಮಾಡುವುದು ಹೆಚ್ಚುಕಡಿಮೆ ಒಂದೇ. ಸಿಪ್ಪೆಯ ವಿಷಯದಲ್ಲಿ ಹಾಗಲ್ಲ. ಒಬ್ಬರು ಬಚ್ಚಲ ಒಲೆಗೆ ಹಾಕುತ್ತಾರೆ, ಒಬ್ಬರು ತೋಟದ ಪಾತಿಗೆ ಮುಚ್ಚುತ್ತಾರೆ, ಇನ್ನೊಬ್ಬರು ನಾರಿನ ಕಾರ್ಖಾನೆಗೆ ಕಳಿಸುತ್ತಾರೆ, ಅಲ್ಲಿ ಅದು ಹಗ್ಗವಾಗುತ್ತದೆ.

ಯೀಸ್ಟ್ ಅಮೈನೋ ಆಮ್ಲವನ್ನು ಹೀಗೆಯೇ ಸುಲಿಯುತ್ತದೆ. ಸಾರಜನಕ ಎಂಬ ಕಾಯಿಯನ್ನು ಒಳಗಿಟ್ಟುಕೊಳ್ಳುತ್ತದೆ. ಉಳಿದ ಇಂಗಾಲದ ಹಂದರ ಅದಕ್ಕೆ ಸಿಪ್ಪೆ. ಅದನ್ನು ಎರಡು ಮೂರು ಹೆಜ್ಜೆಗಳಲ್ಲಿ ಒಂದು ಬಗೆಯ ಮದ್ಯವಾಗಿ ಮಾಡಿ ಹೊರಗೆ ಹಾಕುತ್ತದೆ. ಇದನ್ನು ಸಿಪ್ಪೆಮದ್ಯ ಎಂದು ಕರೆಯೋಣ. ರಸಾಯನಶಾಸ್ತ್ರದಲ್ಲಿ ಇವಕ್ಕೆ ಫ್ಯೂಸೆಲ್ ಮದ್ಯಗಳು ಎಂದು ಹೆಸರು. ಯಾವ ಅಮೈನೋ ಆಮ್ಲವನ್ನು ಸುಲಿಯಿತು ಎನ್ನುವುದರ ಮೇಲೆ ಯಾವ ಸಿಪ್ಪೆಮದ್ಯ ಎನ್ನುವುದು ನಿಲ್ಲುತ್ತದೆ. ಲ್ಯೂಸಿನ್ ಸುಲಿದರೆ ಐಸೋಅಮೈಲ್ ಮದ್ಯ. ಫಿನೈಲ್‌ಅಲನಿನ್ ಸುಲಿದರೆ ಗುಲಾಬಿಯ ವಾಸನೆಯ ಮದ್ಯ, ನಿಜವಾದ ಗುಲಾಬಿ ಹೂವಿನಲ್ಲೂ ಇರುವಂಥದ್ದು. ಈ ದಾರಿಯನ್ನು 1907ರಲ್ಲಿ ಜರ್ಮನಿಯ ಫೆಲಿಕ್ಸ್ ಎರ್ಲಿಖ್ ಗುರುತಿಸಿದರು. ಐಸೋಅಮೈಲ್ ಮದ್ಯದ ರಚನೆಗೂ ಲ್ಯೂಸಿನ್ನಿನ ರಚನೆಗೂ ಇರುವ ಹೋಲಿಕೆಯೇ ಅವರಿಗೆ ಹಾದಿ ತೋರಿಸಿದ್ದು. ಲ್ಯೂಸಿನ್ ಸಾಲದಿದ್ದಾಗ ಯೀಸ್ಟ್ ಸಕ್ಕರೆಯಿಂದಲೇ ಅದನ್ನು ಕಟ್ಟಿಕೊಳ್ಳುತ್ತದೆ, ಆಗಲೂ ಇದೇ ಸಿಪ್ಪೆ ಒಂದಿಷ್ಟು ಹೊರಬೀಳುತ್ತದೆ. ಸೇಬಿನ ರಸದಂಥ ಬಡ ರಸದಲ್ಲೂ ಘಮ ಹುಟ್ಟುವುದು ಹೀಗೆ.

ಇಲ್ಲಿಯವರೆಗೆ ಬಾಳೆಹಣ್ಣಿಲ್ಲ. ಐಸೋಅಮೈಲ್ ಮದ್ಯದ ವಾಸನೆ ಘಾಟು, ಹೆಚ್ಚಾದರೆ ಬಣ್ಣ ತೆಳುಮಾಡುವ ಥಿನ್ನರನ್ನು ನೆನಪಿಸುತ್ತದೆ. ಮುಂದಿನ ಹೆಜ್ಜೆಯನ್ನು ಯೀಸ್ಟಿನ ಇನ್ನೊಂದು ಕಿಣ್ವ ಇಡುತ್ತದೆ. ಅದು ಸಿಪ್ಪೆಮದ್ಯವನ್ನು ವಿನೆಗರಿನ ಆಮ್ಲದ ತುಣುಕಿಗೆ ಕೊಂಡಿ ಹಾಕುತ್ತದೆ. ಮದ್ಯವೂ ಆಮ್ಲವೂ ಕೂಡಿದ ಈ ವಸ್ತುವನ್ನು ಘಮಜೋಡಿ ಎನ್ನಬಹುದು. ಪಠ್ಯಪುಸ್ತಕದ ಹೆಸರು ಎಸ್ಟರ್. ಐಸೋಅಮೈಲ್ ಮದ್ಯದಿಂದ ಹುಟ್ಟುವ ಜೋಡಿಯ ಹೆಸರು ಐಸೋಅಮೈಲ್ ಅಸಿಟೇಟ್. ಬಾಳೆಹಣ್ಣು ಮಾಗುವಾಗ ತಾನೇ ತಯಾರಿಸಿಕೊಳ್ಳುವ ಮುಖ್ಯ ಘಮ ಇದೇ ಅಣು. ಬಿಯರಿನಲ್ಲಿರುವುದು ಬಾಳೆಹಣ್ಣಿನ ವಾಸನೆಯಂಥದ್ದಲ್ಲ, ಬಾಳೆಹಣ್ಣಿನ ವಾಸನೆಯೇ.

ಕೊಂಡಿ ಹಾಕುವ ಕಿಣ್ವಗಳಲ್ಲಿ ಮುಖ್ಯವಾದುದನ್ನು ಎಟಿಎಫ್1 ಎಂಬ ಜೀನ್ ತಯಾರಿಸುತ್ತದೆ. ಎಲ್ಲ ಬಿಯರ್ ಯೀಸ್ಟುಗಳಲ್ಲೂ ಅದು ಇದೆ. ಆದರೆ ಒಂದು ತಳಿ ಅದನ್ನು ಜೋರಾಗಿ ದುಡಿಸುತ್ತದೆ, ಇನ್ನೊಂದು ಅರೆಮನಸ್ಸಿನಿಂದ. ಒಂದರಲ್ಲಿ ಸಿಪ್ಪೆಮದ್ಯ ಬಹುಪಾಲು ಘಾಟಾಗಿಯೇ ಉಳಿಯುತ್ತದೆ, ಇನ್ನೊಂದರಲ್ಲಿ ಅದರ ಒಳ್ಳೆಯ ಪಾಲು ಹಣ್ಣಿನ ಘಮವಾಗುತ್ತದೆ. ಯೀಸ್ಟಿನಿಂದ ಯೀಸ್ಟಿಗೆ ರುಚಿ ಬದಲಾಗುವುದರ ತಿರುಳು ಈ ಕಿಣ್ವದ ದುಡಿಮೆ.

ನೊಣ ಕರೆಯಲು

ಯೀಸ್ಟಿಗೆ ಇದರಿಂದ ಏನು ಲಾಭ? ನಮ್ಮ ಲೋಟದ ಚಿಂತೆ ಅದಕ್ಕಿಲ್ಲ. ಸಕ್ಕರೆ ಎಲ್ಲಿದೆಯೋ ಅಲ್ಲಿಗೆ ಅದು ತಾನಾಗಿ ನಡೆದು ಹೋಗಲಾರದು. ಗಾಳಿಯಲ್ಲಿ ತೇಲಿ ಸರಿಯಾದ ಹಣ್ಣಿನ ಮೇಲೆ ಬೀಳುವುದೂ ಅಪರೂಪ. ಹಣ್ಣಿನ ಮೇಲೆ ಕೂರುವ ಸಣ್ಣ ನೊಣಗಳ ಕಾಲಿಗೆ ಅಂಟಿಕೊಂಡರೆ ಪಯಣ ಸಲೀಸು. ಬೆಲ್ಜಿಯಂನ ಕೆವಿನ್ ವರ್‌ಸ್ಟ್ರೆಪೆನ್ ಮತ್ತು ಸಂಗಡಿಗರು 2014ರಲ್ಲಿ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಎಟಿಎಫ್1 ಜೀನನ್ನು ತೆಗೆದುಹಾಕಿದ ಯೀಸ್ಟಿನ ಕಡೆಗೆ ಹಣ್ಣುನೊಣಗಳು ಕಡಿಮೆ ಬಂದವು, ಆ ಯೀಸ್ಟ್ ಕಡಿಮೆ ಹರಡಿತು. ಮೂಗಿಗೆ ಬರುವ ಬಾಳೆಹಣ್ಣಿನ ಘಮ ನೊಣಕ್ಕೆ ಕಳಿಸಿದ ಕರೆ.

ಅದೇ ಅಣು ಜೇನುಹುಳಗಳ ಲೋಕದಲ್ಲಿ ಅಪಾಯದ ಕೂಗು. ಜೇನುಹುಳ ಕುಟುಕಿದಾಗ ಹೊರಬಿಡುವ ಎಚ್ಚರಿಕೆಯ ವಾಸನೆಯಲ್ಲಿ ಐಸೋಅಮೈಲ್ ಅಸಿಟೇಟ್ ಮುಖ್ಯವಾದದ್ದು. ಪೆಟ್ಟಿಗೆಯ ಹತ್ತಿರ ಬಾಳೆಹಣ್ಣು ತಿನ್ನಬೇಡಿ ಎಂದು ಜೇನು ಸಾಕುವವರು ಹೇಳುವುದಕ್ಕೆ ಆಧಾರ ಇದೇ. ಒಂದು ಅಣುವನ್ನು ಬಾಳೆಗಿಡ, ಯೀಸ್ಟ್, ಜೇನುಹುಳ ಮೂರೂ ಬೇರೆ ಬೇರೆಯಾಗಿ ಕಟ್ಟಲು ಕಲಿತು ಮೂರು ಬೇರೆ ಕೆಲಸಕ್ಕೆ ಬಳಸಿಕೊಂಡಿರುವುದು ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಬೆರಗಿನ ಸಂಗತಿ.

ಲವಂಗ ಬಂದ ದಾರಿ

ಲವಂಗದ್ದು ಬೇರೆ ದಾರಿ. ಗೋಧಿ, ಬಾರ್ಲಿ, ರಾಗಿ ಮುಂತಾದ ಕಾಳುಗಳ ಕೋಶಭಿತ್ತಿಯಲ್ಲಿ ಫೆರುಲಿಕ್ ಆಮ್ಲ ಎಂಬ ವಸ್ತು ಸಿಕ್ಕಿಕೊಂಡಿರುತ್ತದೆ. ಸೂಕ್ಷ್ಮಜೀವಿಗಳಿಗೆ ಅದು ಅಷ್ಟಿಷ್ಟು ವಿಷ. ಅದನ್ನು ನಿರುಪದ್ರವಿಯಾಗಿಸಲು ಕಾಡಿನ ಯೀಸ್ಟುಗಳು ಅದರಿಂದ ಇಂಗಾಲದ ಡೈಆಕ್ಸೈಡಿನ ಒಂದು ತುಂಡನ್ನು ಕಿತ್ತುಹಾಕುತ್ತವೆ. ಉಳಿಯುವ ಅಣು ಲವಂಗದ ಘಮದ ಅಣುವಿಗೆ ಹತ್ತಿರದ ನೆಂಟ. ಸೇಬಿನ ರಸದಲ್ಲಿ ಕಾಳಿನ ಭಿತ್ತಿಯಿಲ್ಲ, ಫೆರುಲಿಕ್ ಆಮ್ಲ ಅತ್ಯಲ್ಪ. ಆ ಬಾಟಲಿಯಲ್ಲಿ ಬಾಳೆ ಇದ್ದೂ ಲವಂಗ ಮಂಕಾಗಿದ್ದದ್ದು ಇದಕ್ಕೇ.

ಬಹುಪಾಲು ಬಿಯರುಗಳಲ್ಲಿ ಲವಂಗದ ವಾಸನೆಯನ್ನು ಕುಡಿಯುವವರು ಒಪ್ಪುವುದಿಲ್ಲ. ಬಿಯರ್ ಮಾಡುವವರು ಚೆನ್ನಾಗಿ ಬಂದ ಪೀಪಾಯಿಯ ತಳದ ಗಸಿಯನ್ನು ಮುಂದಿನದಕ್ಕೆ ಹಾಕುತ್ತಾ, ಲವಂಗ ಬಂದದ್ದನ್ನು ಚೆಲ್ಲುತ್ತಾ ನೂರಾರು ವರ್ಷ ನಡೆದರು. ಯೀಸ್ಟ್ ಎಂಬುದೊಂದು ಜೀವಿ ಎಂದು ತಿಳಿಯುವ ಮೊದಲೇ ಅದನ್ನು ಆರಿಸುತ್ತಿದ್ದರು. 2016ರಲ್ಲಿ ವರ್‌ಸ್ಟ್ರೆಪೆನ್ ತಂಡ ಮತ್ತು ಸಹಯೋಗಿಗಳು 157 ತಳಿಗಳ ಜೀನ್ ಸರಣಿಯನ್ನು ಓದಿದಾಗ ಈ ಆಯ್ಕೆಯ ಗುರುತು ಎದ್ದು ಕಂಡಿತು. ಬಿಯರ್ ಯೀಸ್ಟುಗಳಲ್ಲಿ ಹೆಚ್ಚಿನವುಗಳ ಲವಂಗದ ಜೀನುಗಳು ಮುರಿದು ಬಿದ್ದಿದ್ದವು. ಗೋಧಿ ಬಿಯರಿನ ಯೀಸ್ಟುಗಳಲ್ಲಿ ಮಾತ್ರ ಸರಿಯಾಗಿದ್ದವು, ಏಕೆಂದರೆ ಅಲ್ಲಿ ಆ ಘಮವೇ ಬೇಕಾಗಿತ್ತು. ನಾಯಿ, ದನ, ಭತ್ತಗಳನ್ನು ಪಳಗಿಸಿದ ಹಾಗೆ ಮನುಷ್ಯರು ಕಣ್ಣಿಗೆ ಕಾಣದ ಜೀವಿಯನ್ನೂ ಪಳಗಿಸಿದ್ದಾರೆ, ಮೂಗಿನ ನೆರವಿನಿಂದ.

ಚಳಿ ಇಷ್ಟಪಡುವ ಯೀಸ್ಟ್

1553ರಲ್ಲಿ ಬವೇರಿಯದ ಅರಸ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಮಾಡಕೂಡದೆಂದು ಆಜ್ಞೆ ಹೊರಡಿಸಿದ. ಬೇಸಿಗೆಯ ಬಿಯರ್ ಕೆಡುತ್ತಿತ್ತು. ಚಳಿಗಾಲದಲ್ಲಿ ಮಾತ್ರ ಬಿಯರ್ ಮಾಡುವ ಪದ್ಧತಿ ಬಲವಾದಂತೆ ಚಳಿಗೆ ಒಗ್ಗಿದ ಯೀಸ್ಟೇ ಮೇಲುಗೈ ಪಡೆಯಿತು. 8ರಿಂದ 13 ಡಿಗ್ರಿಯಲ್ಲಿ ನಿಧಾನವಾಗಿ ಕೆಲಸ ಮಾಡುವ ಈ ಲಾಗರ್ ಯೀಸ್ಟ್ ಘಮಜೋಡಿಗಳನ್ನು ಕಡಿಮೆ ಮಾಡುತ್ತದೆ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಅದರ ಒಂದೇ ಕೋಶದಿಂದ ಶುದ್ಧ ತಳಿ ಬೆಳೆಸಿದರು. ಕಂಪನಿಯ ಒಡೆಯ ಯಾಕೋಬ್ಸೆನ್ ಅದನ್ನು ಬೇರೆ ಬಿಯರ್ ತಯಾರಕರಿಗೂ ಹಂಚಿದರು. 1915ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ ದಕ್ಷಿಣ ಭಾರತದ ಬ್ರೂವರಿಗಳನ್ನು ಒಂದುಗೂಡಿಸಿ ಕಟ್ಟಿದ, ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ನ ಕಿಂಗ್‌ಫಿಷರ್ ಕೂಡ ಲಾಗರ್ ಜಾತಿಯದೇ. ನಮ್ಮಲ್ಲಿ ಬಿಯರ್ ಎಂದರೆ ಹೆಚ್ಚು ಘಮವಿಲ್ಲದ ಪಾನೀಯ ಎಂಬ ಭಾವನೆ ಬೇರೂರಿದ್ದಕ್ಕೆ ಯೀಸ್ಟಿನ ಆಯ್ಕೆಯೂ ಕಾರಣ.

ಲಾಗರ್ ಯೀಸ್ಟ್ ಎರಡು ಜಾತಿಗಳ ಬೆರಕೆ. ಒಂದು ಪಾಲು ಬ್ರೆಡ್, ಬಿಯರ್‌ಗಳ ಪರಿಚಿತ ಯೀಸ್ಟ್. ಇನ್ನೊಂದು ಪಾಲಿನ ಮೂಲ ಬಹುಕಾಲ ಸಿಕ್ಕಿರಲಿಲ್ಲ. 2011ರಲ್ಲಿ ಅರ್ಜೆಂಟೀನಾದ ಪಟಗೋನಿಯದ ಬೀಚ್ ಮರಗಳ ಗಂಟುಗಳಲ್ಲಿ ಅದು ಪತ್ತೆಯಾಯಿತು. ಚಳಿ ತಡೆಯುವ ಗುಣ ಬಂದದ್ದು ಆ ಕಡೆಯಿಂದ.

ಬೆಂಗಳೂರಿನಲ್ಲಿ ಯೀಸ್ಟಿನ ಕಥೆ ಬಿಯರಿಗೇ ನಿಲ್ಲಲಿಲ್ಲ. ಯುನೈಟೆಡ್ ಬ್ರೂವರೀಸ್‌ನ ಮುಖ್ಯ ಬ್ರೂಮಾಸ್ಟರ್ ಆಗಿದ್ದವರ ಮಗಳು ಕಿರಣ್ ಮಜುಂದಾರ್ ಆಸ್ಟ್ರೇಲಿಯಾದಲ್ಲಿ ಬ್ರೂಯಿಂಗ್ ಓದಿ 1975ರಲ್ಲಿ ಮಾಸ್ಟರ್ ಬ್ರೂವರ್ ಆದರು. ಹೆಣ್ಣೆಂಬ ಕಾರಣಕ್ಕೆ ಇಲ್ಲಿ ಆ ಕೆಲಸ ಸಿಗಲಿಲ್ಲ. 1978ರಲ್ಲಿ ಅವರು ಶುರುಮಾಡಿದ ಬಯೋಕಾನ್ ಮೊದಲು ತಯಾರಿಸಿದ ಎರಡು ಪದಾರ್ಥಗಳೂ ಬಿಯರನ್ನು ತಿಳಿಗೊಳಿಸಲು ಬಳಕೆಯಾಗುವಂಥವು: ಪಪ್ಪಾಯಿಯ ಪಪೇನ್, ಮೀನಿನ ಗಾಳಿಚೀಲದ ಐಸಿಂಗ್ಲಾಸ್. ಎರಡನೆಯದು ತೇಲುವ ಯೀಸ್ಟನ್ನು ಹಿಡಿದು ತಳಕ್ಕೆ ಕೂರಿಸುತ್ತದೆ. 2004ರಲ್ಲಿ ಅದೇ ಕಂಪನಿ ಪಿಚಿಯಾ ಎಂಬ ಮತ್ತೊಂದು ಯೀಸ್ಟಿನಲ್ಲಿ ಮನುಷ್ಯರ ಇನ್ಸುಲಿನ್ ಬೆಳೆಸಿ ಮಾರುಕಟ್ಟೆಗೆ ತಂದಿತು.

ಬಿಸಿ ಏರಿದಾಗ

ಅದೇ ಯೀಸ್ಟ್, ಅದೇ ರಸ, ಕೋಣೆಯ ಬಿಸಿ ಮಾತ್ರ ಬೇರೆ. ಆಗಲೂ ರುಚಿ ಬದಲಾಗುತ್ತದೆ. ಏಲ್ ಯೀಸ್ಟುಗಳಿಗೆ 18ರಿಂದ 22 ಡಿಗ್ರಿ ಹಿತ. ಅದನ್ನು ದಾಟಿದರೆ ಸುಲಿಯುವ ಭರ ಹೆಚ್ಚಿ ಸಿಪ್ಪೆಮದ್ಯವೂ ಘಮಜೋಡಿಯೂ ಏರುತ್ತವೆ. ಇನ್ನೂ ಬಿಸಿಯಾದರೆ ಘಾಟೇ ಮುಂದಾಗುತ್ತದೆ. ಪಾತ್ರೆಯ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಎತ್ತರದ ಮುಚ್ಚಿದ ತೊಟ್ಟಿಯಲ್ಲಿ ಕರಗಿ ನಿಲ್ಲುವ ಇಂಗಾಲದ ಡೈಆಕ್ಸೈಡ್ ಕಿಣ್ವದ ಕೈ ಕಟ್ಟುತ್ತದೆ, ತೆರೆದ ಅಗಲ ತೊಟ್ಟಿಯಲ್ಲಿ ಹಣ್ಣಿನ ಘಮ ಹೆಚ್ಚು. ಗೋಧಿ ಬಿಯರನ್ನು ಕೆಲವು ಬವೇರಿಯದವರು ಇಂದಿಗೂ ತೆರೆದ ತೊಟ್ಟಿಯಲ್ಲಿ ಮಾಡುವುದು ಬರೀ ಹಟದಿಂದಲ್ಲ.

ಹಾಸನವನ್ನು ಬಡವರ ಊಟಿ ಎನ್ನುತ್ತಾರಾದರೂ ಅಲ್ಲಿಯ ಬೇಸಿಗೆ ಮಧ್ಯಾಹ್ನ ಸಾಮಾನ್ಯ ಏಲ್ ಯೀಸ್ಟಿಗೆ ಹೆಚ್ಚೇ. ಅಂಥ ಬಿಸಿಗೆ ಒಗ್ಗಿದ ಯೀಸ್ಟ್ ಸಿಕ್ಕಿದ್ದು ಚಳಿಯ ನಾಡಾದ ನಾರ್ವೆಯಲ್ಲಿ. ಅಲ್ಲಿನ ರೈತರು ಕ್ವೈಕ್ ಎಂಬ ಯೀಸ್ಟನ್ನು ಮರದ ಬಳೆಗಳ ಸರಕ್ಕೆ ಅಂಟಿಸಿ ಒಣಗಿಸಿ, ತಲೆಮಾರಿನಿಂದ ತಲೆಮಾರಿಗೆ ಕೊಟ್ಟು ಉಳಿಸಿಕೊಂಡಿದ್ದರು. ಕುದಿಸಿದ ಕಷಾಯ ಪೂರ್ತಿ ಆರುವವರೆಗೆ ಕಾಯದೆ ಬೆಚ್ಚಗಿದ್ದಾಗಲೇ ಹಾಕುವುದು ಅವರ ವಾಡಿಕೆ. 35 ಡಿಗ್ರಿ ದಾಟಿದರೂ ಅದು ಘಾಟು ಬಿಡದೆ ಕೆಲವೇ ದಿನಗಳಲ್ಲಿ ಕೆಲಸ ಮುಗಿಸುತ್ತದೆ. ವೊಸ್ ಎಂಬ ಊರಿನ ತಳಿ ಕಿತ್ತಳೆಯ ಘಮ ಕೊಡುತ್ತದೆ.

ಹೆಂಡದ ಮಡಕೆಯೊಳಗೆ

ನಾರ್ವೆಯ ಕ್ವೈಕನ್ನು ಹುಡುಕಿ, ಜೀನ್ ಓದಿ, ತಳಿಗಳನ್ನು ಬೇರ್ಪಡಿಸಿ ಕಾಪಿಟ್ಟಿದ್ದಾರೆ. ಈಚಲು ಮತ್ತು ತೆಂಗಿನ ಮಡಕೆಗಳ ಯೀಸ್ಟುಗಳಿಗೂ ಅಷ್ಟೇ ಗಮನ ಸಲ್ಲಬೇಕು ಎಂದು ನಾನು ದೃಢವಾಗಿ ನಂಬುತ್ತೇನೆ. ಮರ ಹತ್ತುವವರು ಕಡಿಮೆಯಾದ ಊರಿನಲ್ಲಿ ಹಳೆಯ ಮಡಕೆಯೂ ಹೋಗುತ್ತದೆ. ಆ ಮಡಕೆಯ ಗೋಡೆಯೇ ಯೀಸ್ಟಿನ ಮನೆ. ಪುಣೆ, ಚಂಡೀಗಢಗಳಲ್ಲಿ ಸೂಕ್ಷ್ಮಜೀವಿಗಳ ರಾಷ್ಟ್ರೀಯ ಸಂಗ್ರಹಗಳಿವೆ. ಒಣಗಿಸಿಯೋ ಹೆಪ್ಪುಗಟ್ಟಿಸಿಯೋ ಅಲ್ಲಿ ಒಂದು ತಳಿಯನ್ನು ಕಾಪಿಡಲು ಬೇಕಾದ ಜಾಗ ಒಂದು ಸಣ್ಣ ಸೀಸೆಯಷ್ಟು.

ಹೆಂಡದಲ್ಲಿ ಯೀಸ್ಟ್ ಒಂಟಿಯಾಗಿರುವುದಿಲ್ಲ. ಜೈಮೊಮೊನಾಸ್ ಎಂಬ ಬ್ಯಾಕ್ಟೀರಿಯ ಯೀಸ್ಟಿನ ಹಾಗೆಯೇ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಮೊಸರಿನ ಬಳಗದ ಬ್ಯಾಕ್ಟೀರಿಯಗಳು ಹುಳಿ ತರುತ್ತವೆ, ವಿನೆಗರಿನ ಬ್ಯಾಕ್ಟೀರಿಯಗಳು ಹೊತ್ತು ಏರಿದಂತೆ ಮದ್ಯಸಾರವನ್ನು ಆಮ್ಲ ಮಾಡುತ್ತವೆ. ಯೀಸ್ಟುಗಳಲ್ಲೂ ಹಲವು ಜಾತಿ. ಯಾವ ಯೀಸ್ಟನ್ನೂ ಹಾಕದೆ ಬಿಟ್ಟ ತಾಜಾ ಸೇಬಿನ ರಸದಲ್ಲೂ ಹೀಗೆಯೇ: ಹಣ್ಣಿನ ಸಿಪ್ಪೆಯ ಮೇಲಿದ್ದ ಹಾನ್ಸೇನಿಯಾಸ್ಪೋರದಂಥ ಯೀಸ್ಟುಗಳು ಮೊದಲು ಎದ್ದು ಘಮಜೋಡಿಗಳನ್ನು ಧಾರಾಳವಾಗಿ ಸುರಿಯುತ್ತವೆ. ಮದ್ಯಸಾರ ಏರಿದಂತೆ ಅವು ಸೋತು ಬಿಯರ್, ಬ್ರೆಡ್‌ಗಳ ಯೀಸ್ಟ್ ಜಾತಿ ಗೆಲ್ಲುತ್ತದೆ. ತಿಂಗಳುಗಟ್ಟಲೆ ಇಟ್ಟರೆ ಬ್ರೆಟ್ಟನೋಮೈಸಿಸ್ ಎಂಬುದು ನಿಧಾನವಾಗಿ ಎದ್ದು ಕುದುರೆ ಲಾಯದ ವಾಸನೆ ತರುತ್ತದೆ. ಬೆಲ್ಜಿಯಂನ ಕೆಲವು ಬಿಯರುಗಳಲ್ಲಿ ಅದು ಗುಣ, ಬಹುಪಾಲು ವೈನಿನಲ್ಲಿ ದೋಷ.

ಮಂಗಳೂರು, ಉಡುಪಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆ ಮಾಡುವ ಸಾನ್ನಾ ಎಂಬ ತಿಂಡಿಯ ಹಿಟ್ಟನ್ನು ಮೊದಲು ಹೆಂಡ ಹಾಕಿ ಹುದುಗಿಸುತ್ತಿದ್ದರು. ಈಗ ಎಷ್ಟೋ ಕಡೆ ಪ್ಯಾಕೆಟ್ ಯೀಸ್ಟ್. ಸಾನ್ನಾ ಚೆನ್ನಾಗಿಯೇ ಉಬ್ಬುತ್ತದೆ, ಹಳೆಯ ರುಚಿ ಮಾತ್ರ ಇಲ್ಲ ಎನ್ನುವವರ ನಾಲಿಗೆ ಸುಳ್ಳು ಹೇಳುತ್ತಿಲ್ಲ. ಪ್ಯಾಕೆಟ್ಟಿನಲ್ಲಿರುವುದು ಬೇಕರಿಗಾಗಿ ಆರಿಸಿದ ಒಂದೇ ತಳಿ. ಅದನ್ನು ಆರಿಸುವಾಗ ನೋಡಿದ್ದು ಎಷ್ಟು ಬೇಗ, ಎಷ್ಟು ಗಾಳಿ ಎನ್ನುವುದನ್ನು. ಹುಳಿ ತರುವ ಬ್ಯಾಕ್ಟೀರಿಯಗಳ ಬಳಗ ಅದರ ಜೊತೆ ಬಂದಿಲ್ಲ. ಅದು ಗಂಟೆ ಎರಡು ಗಂಟೆಯಲ್ಲಿ ಹಿಟ್ಟು ಉಬ್ಬಿಸಿ ಮುಗಿಸುವುದರಿಂದ ಹಿಟ್ಟಿನಲ್ಲೇ ಇದ್ದ ಬ್ಯಾಕ್ಟೀರಿಯಗಳಿಗೆ ಎದ್ದೇಳಲು ಸಮಯವೂ ಸಿಗುವುದಿಲ್ಲ. ಪ್ಯಾಕೆಟ್ ಯೀಸ್ಟನ್ನೇ ಚಿಟಿಕೆಯಷ್ಟು ಮಾತ್ರ ಹಾಕಿ ಹಿಟ್ಟನ್ನು ರಾತ್ರಿಯಿಡೀ ಬಿಟ್ಟರೆ ರುಚಿ ಅರ್ಧ ದಾರಿಯಾದರೂ ಹಿಂದಿರುಗುತ್ತದೆ. ಉಳಿದರ್ಧ ಬರಬೇಕಾದರೆ ಆ ಮಡಕೆಯ ಯೀಸ್ಟೇ ಬೇಕು.